ಎರಡನೇ ಕೋಣೆಯ ಮೈಕು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ಪಕ್ಕದ ಮನೆ ವರ್ನಾಗೆ ಆದದ್ದು. ಅಮೆರಿಕದ ಇದೇ ಡುಲೂತ್ ಊರಲ್ಲಿ, ಹೋದ ಫೆಬ್ರವರಿಯಲ್ಲಿ.

ವರ್ನಾಗೆ ಮಕ್ಕಳ ಆಸ್ಪತ್ರೇಲಿ ಕೆಲಸ. ನಿದ್ದೆ ಪರೀಕ್ಷೆ ಮಾಡುವ ವಿಭಾಗ, ರಾತ್ರಿ ಪಾಳಿ. ಆವತ್ತೂ ಬಸ್ಸಿಳಿದು ಹಿಮದಲ್ಲಿ ಆಸ್ಪತ್ರೆಗೆ ನಡೆದುಕೊಂಡು ಹೊರಟಿದ್ದಳು. ದೊಡ್ಡ ಓಕ್ ಮರ ದಾಟಿದರೆ ಸೋನ್ಯಾ ಮನೆ. ಆ ಮನೆ ಬಂತು ಅಂದರೆ ಸಾಕು, ವರ್ನಾ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದಳು... ತಲೆ ಬಗ್ಗಿಸಿಕೊಂಡು. ಹನ್ನೊಂದು ತಿಂಗಳಿಂದ ಇದೇ ಆಗಿತ್ತು. ಆ ರಾತ್ರಿ ಮರದ ಹತ್ತಿರ ಬೆನ್ನ ಹಿಂದೆ ಸದ್ದು. ಕೆರ್... ಕೆರ್... ಕೆರ್... ಉಗುರಲ್ಲಿ ಬಟ್ಟೆ ಕೆರೆದ ಹಾಗೆ. ತಿರುಗಿ ನೋಡಿದಳು. ಹಿಮದ ಮೇಲೆ ಅವಳೊಬ್ಬಳದೇ ಹೆಜ್ಜೆ.

ಆ ಸದ್ದಿಗೆ ಅವಳು ಯಾಕೆ ಅಷ್ಟು ಹೆದರಿದಳು ಅಂತ ಮೊದಲೇ ಹೇಳಿಬಿಡುತ್ತೇನೆ.

ಸೋನ್ಯಾಗೆ ಒಬ್ಬಳೇ ಮಗಳು, ಮರಿಟ್. ಏಳು ವರ್ಷ. ನಿದ್ದೇಲಿ ಕಿರುಚಿಕೊಳ್ಳುತ್ತಿದ್ದಳು. ಪರೀಕ್ಷೆಗೆ ಅಂತ ಎರಡನೇ ಕೋಣೇಲಿ ಮಲಗಿಸಿದ್ದರು. ತಲೆ ತುಂಬ ಗಮ್ಮು ಹಚ್ಚಿ, ವೈರು ಅಂಟಿಸಿ, ಮೇಲೆ ಬಟ್ಟೆ ಪಟ್ಟಿ ಸುತ್ತಿ, ಬೆಳಗಿನ ತನಕ ಹೊರಗೆ ಪರದೆ ನೋಡುತ್ತಾ ಕೂರುವುದು ವರ್ನಾ ಕೆಲಸ. ಆ ಗಮ್ಮು ವಿಪರೀತ ತುರಿಸುತ್ತೆ. ಮಕ್ಕಳು ಕೆರೆದುಕೊಂಡರೆ ಪರದೆ ಮೇಲಿನ ಗೆರೆಗಳೆಲ್ಲ ಹುಚ್ಚೆದ್ದು ಕುಣಿಯುತ್ತವೆ. ಪಕ್ಕದಲ್ಲಿ 'ತುರಿಕೆ' ಅಂತ ಬರೆದರಾಯಿತು, ಡಾಕ್ಟರು ಆ ಜಾಗ ನೋಡುವುದೇ ಇಲ್ಲ. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಮರಿಟ್ ಕೈ ತಲೆಗೆ ಹೋಯಿತು. ಗೆರೆ ಕುಣಿದವು. ವರ್ನಾ 'ತುರಿಕೆ' ಅಂತ ಬರೆದು ಚಹಾ ಕುಡಿದಳು.

ಕೆಟ್ಟ ಕನಸು ಅಷ್ಟೇ, ಮಗು ಬೆಳೀತಾ ತಾನೇ ಹೋಗುತ್ತೆ ಅಂತ ವರದಿ ಬಂತು. ಬೆಳೆಯುವುದೆಲ್ಲಿ ಬಂತು! ಮೂರು ವಾರಕ್ಕೆ ಮಗು ನಿದ್ದೆಯಲ್ಲೇ ಹೋಯಿತು. ಫಿಟ್ಸ್. ಆಮೇಲೆ ವರ್ನಾ ಗುಟ್ಟಾಗಿ ಆ ರಾತ್ರಿಯ ದಾಖಲೆ ತೆಗೆದು ನೋಡಿದಳು. ಅದು ತುರಿಕೆ ಆಗಿರಲಿಲ್ಲ, ಫಿಟ್ಸೇ. ಆದರೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತಿತ್ತು, ಒಪ್ಪಿದೆ. ಆದರೆ ಹೆತ್ತವಳು ಕಣ್ಣೆದುರೇ ಇರುವಾಗ ಹನ್ನೊಂದು ತಿಂಗಳು ಹೇಗೆ ಅನ್ನ ಇಳಿಯಿತೋ ಅವಳ ಗಂಟಲಲ್ಲಿ!

ಇರಲಿ. ಫೆಬ್ರವರಿಯ ಆ ರಾತ್ರಿ ಒಂದನೇ ಕೋಣೆಗೆ ಟೆಸ್ ಅಂತ ಆರು ವರ್ಷದ ಹುಡುಗಿ ಬಂದಿದ್ದಳು. ಎರಡನೇ ಕೋಣೆ ಖಾಲಿ, ಬೀಗ.

"ಆಂಟಿ, ಇದು ಗಮ್ಮಾ? ಸಿಂಬಳ ಇದ್ದಂಗಿದೆ."

"ಸುಮ್ನಿರೇ ತರ್ಲೆ," ಅಂದ ಅವಳಪ್ಪ ಡ್ವೇನ್. ಲಾರಿ ಓಡಿಸುವವನು. ಆಮೇಲೆ ವರ್ನಾ ಹತ್ತಿರ ಬಂದು ಪಿಸುಗುಟ್ಟಿದ. "ಮೇಡಂ... ಎಲ್ಲಾ ಡಾಕ್ಟ್ರೂ ಕನಸು ಅಂತಾರೆ. ಕನಸಲ್ಲ ಇದು. ಸರಿಯಾಗಿ ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ರಾತ್ರಿ ಮೂರು ದಾಟಿತು. ಡ್ವೇನ್ ಮಗಳ ಪಕ್ಕದ ಮಡಚು ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ. ಪರದೆಯಲ್ಲಿ ಟೆಸ್ ಕೈ ತಲೆಗೆ ಹೋಯಿತು. ಗೆರೆ ಕುಣಿದವು. ವರ್ನಾ ಬೆರಳು ಅಭ್ಯಾಸಬಲದಿಂದ ಕೀಲಿಮಣೆಗೆ ಹೋಯಿತು... 'ತು'...

ಚಟ್.

ವರ್ನಾ ಮೇಜಿನ ಮೇಲೆ, ಎರಡನೇ ಕೋಣೆಯ ಮೈಕಿನ ಕೆಂಪು ದೀಪ ಹತ್ತಿತು. ಸ್ಸ್ಸ್... ಅಂತ ಸ್ಪೀಕರ್ ಉಸಿರಾಡಿತು. ಆಮೇಲೆ ಕೆರ್... ಕೆರ್...

"ಯಾರದು?"

ಕೆರೆಯುವುದು ನಿಂತಿತು. ನಿದ್ದೆಗಣ್ಣಿನ ಮಗುವಿನ ದನಿ.

"ನಾನು ತುರಿಸ್ಕೊಳ್ತಿರ್ಲಿಲ್ಲ."

ವರ್ನಾ ಸ್ಪೀಕರಿನ ಕಡೆ ಬಾಗಿದಳು. "ಮ... ಮರಿಟ್?"

"ಅವಳೂ ತುರಿಸ್ಕೊಳ್ತಿಲ್ಲ. ಎದ್ದೋಗು."

ಚಟ್. ದೀಪ ಆರಿತು.

ವರ್ನಾ ಕುರ್ಚಿ ಬೀಳಿಸಿಕೊಂಡು ಓಡಿದಳು. ಟೆಸ್ ಕೈ ತಲೆ ಹತ್ತಿರ ಸೆಟೆದುಕೊಂಡು ಅದುರುತ್ತಿತ್ತು. ತುಟಿ ನೀಲಿ. ಮಗ್ಗುಲಿಗೆ ಹೊರಳಿಸಿ ಗಂಟೆ ಒತ್ತಿದಳು. ಜನ ಓಡಿ ಬಂದರು, ಔಷಧಿ ಬಿತ್ತು, ಮಗು ಉಳಿಯಿತು. "ದೇವರು ಬಂದಂಗೆ ಬಂದ್ರಿ ಮೇಡಂ," ಅಂತ ಡ್ವೇನ್ ಅವಳ ಎರಡೂ ಕೈ ಹಿಡಿದು ಅತ್ತ. ಅವಳಿಗೆ ಆ ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ಬೆಳಿಗ್ಗೆ ದೊಡ್ಡ ಡಾಕ್ಟರ ಮುಂದೆ ನಿಂತು ಮರಿಟ್ ವಿಷಯ ಎಲ್ಲಾ ಹೇಳಿದಳು. ಆತ ತಲೆ ಎತ್ತಲಿಲ್ಲ. "ಆ ಫೈಲು ಮುಚ್ಚಿದೆ. ನಿಂಗೆ ನಿದ್ದೆ ಸಾಲ್ದು, ಮನೆಗೆ ಹೋಗು."

ಗುರುತಿನ ಚೀಟಿ ಮೇಜಿನ ಮೇಲಿಟ್ಟು ಹೊರಟಳು. ಮನೆಗಲ್ಲ, ಸೋನ್ಯಾ ಮನೆಗೆ. ಬಾಗಿಲು ತಟ್ಟುವ ಮೊದಲೇ ತೆರೆಯಿತು.

"ಬಾ. ಕಾಫಿ ಆರೋಗತ್ತೆ."

ಮೇಜಿನ ಮೇಲೆ ಮೂರು ಕಪ್ಪು. ಎರಡರಲ್ಲಿ ಕಾಫಿ, ಒಂದರಲ್ಲಿ ಹಾಲು, ಅಂಚಿನ ತನಕ. ಸೋನ್ಯಾ ಇರುವುದು ಒಬ್ಬಳೇ. ಮಗು ಹೋದ ಮೇಲೆ ಗಂಡನೂ ಬಿಟ್ಟು ಹೋಗಿದ್ದ. ವರ್ನಾ ಕುಸಿದು ಕೂತು ಎಲ್ಲಾ ಹೇಳಿದಳು. ನಿಮಿಷ ಸಮೇತ.

ಸೋನ್ಯಾ ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ಹನ್ನೊಂದು ತಿಂಗಳು ಬೇಕಾಯ್ತಾ ನಿಂಗೆ?"

"ಹೂಂ."

"ತೀರ್ಕೊಂಡ ರಾತ್ರಿ ಮರಿಟ್ ಅಮ್ಮಾ ಭಯ ಆಗತ್ತೆ, ಪಕ್ಕ ಮಲಕ್ಕೋ ಅಂದ್ಲು. ಕನಸು ತಾನೇ, ನಾಟಕ ಸಾಕು, ಬಿದ್ಕೋ ಅಂತ ಬೈದೆ ಕಣೆ. ಅದೇ ಕಡೇ ಮಾತು. ನಿಮ್ಮ ವರದಿ ನಂಬ್ಕೊಂಡು ಬೈದೆ."

"ಸೋನ್ಯಾ... ಕ್ಷಮಿಸಿಬಿಡು."

"ಇಲ್ಲ. ಕ್ಷಮಿಸಲ್ಲ. ಕಾಫಿ ಕುಡಿ, ಹೋಗು."

ವರ್ನಾ ಕುಡಿದಳು. ಬಿಸಿಯೋ ತಣ್ಣಗೋ ತಿಳಿಯಲಿಲ್ಲವಂತೆ. ಕಪ್ಪು ಕೆಳಗಿಡುವಾಗ ಕಣ್ಣು ಪಕ್ಕಕ್ಕೆ ಹೋಯಿತು. ಹಾಲಿನ ಕಪ್ಪು ಖಾಲಿ. ತಳದಲ್ಲಿ ಒಂಚೂರು ಬಿಳಿ. ಸೋನ್ಯಾ ಮೂರನ್ನೂ ಎತ್ತಿಕೊಂಡು ಹೋಗಿ ತೊಳೆದಿಟ್ಟಳು.

ನಾನು ಬಿಡದೆ ಕೇಳಿದೆ. ಹಾಲು ಕುಡಿದದ್ದು ಯಾರೇ ಅಂತ. "ನಾವಿಬ್ರೂ ಮುಟ್ಟಿಲ್ಲ," ಅಂದಳು ವರ್ನಾ. ಹದಿನಾಲ್ಕು ವರ್ಷದಿಂದ ಬಲ್ಲೆ ಅವಳನ್ನ. ಕತೆ ಕಟ್ಟುವ ಹೆಂಗಸಲ್ಲ. ಇದು ನಡೆದದ್ದು.