ಹೆತ್ತವರನ್ನು ಊರಾಚೆ ಕಳಿಸುವ ವಿದ್ಯೆ

ಅಧ್ಯಕ್ಷಪೀಠದಲ್ಲಿರುವ ಶ್ರೀಮತಿ ಆರ್ಮರಾಡ್ ಅವರೇ, ಲಂಡನ್ನಿನಿಂದ ಬಂದಿರುವ ನನ್ನ ಪ್ರಕಾಶಕರಾದ ಶ್ರೀ ಪೆನ್‌ಹೇಲ್ ಅವರೇ, ಗ್ರಂಥಾಲಯದ ಬಂಧುಗಳೇ, ಕೇಕಿನ ಮೇಲೇ ಕಣ್ಣಿಟ್ಟು ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳೇ, ಸಭಿಕರೇ,

ನನಗೆ ಎಪ್ಪತ್ತೊಂಬತ್ತು ವರ್ಷ. ಹೊಗಳಿಕೆ ಕೇಳುವುದೂ ಈಗ ಮೆಟ್ಟಿಲು ಹತ್ತಿದಷ್ಟೇ ಆಯಾಸ. ಆದರೂ ಬಂದೆ. ಏಕೆಂದರೆ ನನ್ನ ಮಗಳು ಜೊಸೆಲಿನ್, ನಮ್ಮ ಜೊಸಿ, ಬರುತ್ತೇನೆ ಎಂದಳು. ನನ್ನ ಪುಸ್ತಕದ ಸಮಾರಂಭಕ್ಕೆ ಅವಳು ಬಂದಿರುವುದು ಇದೇ ಮೊದಲು. ಹಿಂದಿನ ಸಾಲಿನಲ್ಲಿದ್ದಾಳೆ. ಐದು ಹತ್ತರ ರೈಲಿಗೆ ಹೊರಡುತ್ತಾಳೆ.

ಮಕ್ಕಳ ಸಾಹಸದ ಮೂವತ್ತೊಂದು ಪುಸ್ತಕಗಳನ್ನು ಹೇಗೆ ಬರೆದಿರಿ ಎಂದು ಅಧ್ಯಕ್ಷರು ಕೇಳಿದರು. ಅದರ ಗುಟ್ಟನ್ನು ಹೇಳಿಕೊಟ್ಟವರು ಪೆನ್‌ಹೇಲ್ ಅವರ ತಂದೆ. ನನ್ನ ಮೊದಲ ಹಸ್ತಪ್ರತಿಯನ್ನು ಮೇಜಿನ ಮೇಲೆ ತಳ್ಳಿ, "ಮೊದಲನೇ ಅಧ್ಯಾಯದಲ್ಲೇ ಅಪ್ಪ ಅಮ್ಮನ್ನ ಎಲ್ಲಾದ್ರೂ ಸಾಗಹಾಕಿ ಮೇಡಂ. ಅವರು ಮನೇಲಿದ್ರೆ ಊಟಕ್ಕೆ ಕರೀತಾರೆ, ಸ್ವೆಟರ್ ಹಾಕ್ಕೋ ಅಂತಾರೆ. ಕಳ್ಳಸಾಗಣೆಯವರು ಮಕ್ಕಳ ಕೈಗೆ ಸಿಗೋದು ಯಾವಾಗ?" ಎಂದರು.

ಸಾಗಹಾಕಿದೆ. ಅಪ್ಪಂದಿರನ್ನು ಈಜಿಪ್ಟಿಗೆ ಹಳೆಯ ಗೋರಿಗಳನ್ನು ಅಗೆಯಲು ಕಳಿಸಿದೆ. ಅಮ್ಮಂದಿರನ್ನು ಕಾಯಿಲೆ ಬಿದ್ದ ಚಿಕ್ಕಮ್ಮಂದಿರ ಮನೆಗೆ ಕಳಿಸಿದೆ. ಎಷ್ಟು ಚಿಕ್ಕಮ್ಮಂದಿರಿಗೆ ದಡಾರ ಬರಿಸಿದೆನೋ ಲೆಕ್ಕವಿಲ್ಲ. ಒಮ್ಮೆ ಬೇಸರವಾಗಿ ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಹಡಗಿನಲ್ಲಿ ಮುಳುಗಿಸಿದೆ. ಯಾವ ಮಗುವೂ ನನಗೆ ಕಾಗದ ಬರೆದು ಬೈಯಲಿಲ್ಲ.

ಇಲ್ಲ, ಒಂದು ಮಗು ಬರೆಯಿತು. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಜೊಸಿಯನ್ನು ಎಂಟನೆಯ ವಯಸ್ಸಿಗೆ ವಸತಿಶಾಲೆಗೆ ಹಾಕಿದೆ. ಆಗ ಎಲ್ಲರೂ ಹಾಗೆ ಮಾಡುತ್ತಿದ್ದರು ಎಂದು ಸಂದರ್ಶನಗಳಲ್ಲಿ ಹೇಳಿದ್ದೇನೆ. ಎಲ್ಲರೂ ಮಾಡುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಮಾಡಿದವಳು ನಾನೊಬ್ಬಳೇ. ಮನೆ ನಿಶ್ಶಬ್ದವಾಗಿರಬೇಕಿತ್ತು, ನಾನು ಬರೆಯಬೇಕಿತ್ತು. ತಿಂಗಳಿಗೊಂದು ಭಾನುವಾರ ಹೆತ್ತವರು ಹೋಗಿ ಮಕ್ಕಳನ್ನು ಹೊರಗೆ ಚಹಾಕ್ಕೆ ಕರೆದೊಯ್ಯಬಹುದಿತ್ತು. ಒಂದು ಭಾನುವಾರ ಅಧ್ಯಾಯ ಮುಗಿದಿರಲಿಲ್ಲ. ಇನ್ನೊಂದು ಭಾನುವಾರವೂ ಮುಗಿದಿರಲಿಲ್ಲ. ನನ್ನ ಬದಲು ಹೊಸ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದೆ.

ಅವಳು ಉತ್ತರ ಬರೆದಳು. "ಅಮ್ಮಾ, ಪುಸ್ತಕ ಚೆನ್ನಾಗಿದೆ. ಕೊನೇವರೆಗೂ ಓದಿದೆ. ಇದರಲ್ಲೂ ಅಮ್ಮ ಬರಲೇ ಇಲ್ಲ."

ಸಭಿಕರೇ, ಆ ಕಾಗದ ಓದಿ ನಾನೇನು ಮಾಡಿದೆ ಗೊತ್ತೇ? ರೈಲು ಹತ್ತಿದೆನೇ? ಶಾಲೆಗೆ ಫೋನು ಮಾಡಿದೆನೇ? ಸಾಲು ಚೆನ್ನಾಗಿದೆ ಎಂದು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ. ಹನ್ನೊಂದನೆಯ ಪುಸ್ತಕದಲ್ಲಿ ಒಂದು ಹುಡುಗಿಯ ಬಾಯಲ್ಲಿ ಅದನ್ನು ಹೇಳಿಸಿದೆ. ವಿಮರ್ಶಕರು ಕಣ್ಣೊರೆಸಿಕೊಂಡರು. ಜೊಸಿ ಅದನ್ನು ಓದಿದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಆಮೇಲೆ ಅವಳು ನನ್ನ ಪುಸ್ತಕಗಳ ವಿಷಯ ಎತ್ತಿದವಳಲ್ಲ. ನನಗೆ ನಾಚಿಕೆಯಾಗುತ್ತದೆ. ಮೈಕಿನಲ್ಲಿ ಹೇಳುವುದು ಸುಲಭ, ಅವಳೆದುರು ಕೂತು ಹೇಳಲಾರದೆ ಹೋದೆ.

ಭಾಷಣದ ನಂತರ ಒಂದು ಗಂಟೆ ಹಸ್ತಾಕ್ಷರದ ಕಾರ್ಯಕ್ರಮ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಸಭೆಗೆ ಮುಂಚೆ ಜೊಸಿ ಅದನ್ನು ನೋಡಿ, "ನೀನು ಸಹಿ ಮಾಡ್ತಾ ಇರಮ್ಮ, ನಾನೇ ಸ್ಟೇಷನ್ನಿಗೆ ಹೋಗ್ತೀನಿ. ದಾರಿ ಗೊತ್ತು," ಎಂದಳು. ದಾರಿ ಅವಳಿಗೆ ಚೆನ್ನಾಗಿಯೇ ಗೊತ್ತು. ಎಂಟು ವರ್ಷದವಳಿದ್ದಾಗಲೇ, ವಸತಿಶಾಲೆಗೆ ಹೊರಟ ದಿನ, ಪಕ್ಕದ ಮನೆಯ ಶ್ರೀಮತಿ ಡಾಬ್ಸನ್ ತೋರಿಸಿಕೊಟ್ಟಿದ್ದರು. ಅವತ್ತೂ ನಾನು ಬರೆಯುತ್ತಿದ್ದೆ.

ಈಗ ನಾಲ್ಕೂ ನಲವತ್ತು. ಪೆನ್‌ಹೇಲ್ ಅವರೇ, ಸಿಟ್ಟಾಗಬೇಡಿ. ಮಕ್ಕಳೇ, ಪುಸ್ತಕಗಳ ಮೇಲೆ ನಿಮ್ಮ ಹೆಸರು ಬರೆದಿಟ್ಟು ಹೋಗಿ, ಸೋಮವಾರ ಬಂದು ಎಲ್ಲಕ್ಕೂ ಸಹಿ ಹಾಕುತ್ತೇನೆ. ಹೂಗುಚ್ಛ, ಕೇಕು, ಒಳ್ಳೆಯ ಮಾತು ಎಲ್ಲಕ್ಕೂ ನಾನು ಋಣಿ. ಸಹನೆಯಿಂದ ಕೇಳಿದಿರಿ, ನಮಸ್ಕಾರ.

ಜೊಸಿ, ಎದ್ದು ಹೊರಟೇಬಿಟ್ಟೆಯಾ? ಬಾಗಿಲ ಹತ್ತಿರ ಸ್ವಲ್ಪ ನಿಲ್ಲೇ. ನನ್ನ ಮಂಡಿ ನಿಧಾನ. ಬಂದೆ.