ಜಾಲತಾಣದಿಂದ ಅಜ್ಜಿಯನ್ನು ತೆಗೆಸಿದವರಿಗೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಸಂಘದ ಕಾರ್ಯದರ್ಶಿಗಳಾದ ರೋಹಿದಾಸರೇ, ಶುಕ್ರವಾರದ ರಜೆಯ ನಿದ್ದೆ ಬಿಟ್ಟು ಬಂದಿರುವ ಸಭಿಕರೇ, ಮುಂದಿನ ನೃತ್ಯಕ್ಕಾಗಿ ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಬೆವರುತ್ತಿರುವ ಮಕ್ಕಳೇ,

ಎಲ್ಲರಿಗೂ ವಂದನೆಗಳು. ನಾನು ವಾರಿಜಾ. ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ನಾಲ್ಕು ಮಾತು ಹೊಗಳಿ, ಸಂಘಕ್ಕೆ ಕೃತಜ್ಞತೆ ಹೇಳಿ, ಶಾಲು ಹೊದೆಸಿಕೊಂಡು ಕುಳಿತುಕೊಳ್ಳಿ ಎಂದು ನನಗೆ ಸೂಚನೆ ಬಂದಿದೆ. ಶಾಲು ಆ ತಟ್ಟೆಯಲ್ಲೇ ಇರಲಿ. ಕುವೈತಿನ ಸೆಕೆಗೆ ಅದು ಹೇಗೂ ಬೇಕಾಗುವುದಿಲ್ಲ. ನೀವು ನಕ್ಕಿರಿ, ಸಂತೋಷ. ಆದರೆ ನನಗೆ ಇವತ್ತು ಸಿಟ್ಟು ಬಂದಿದೆ. ಶಿಕ್ಷಕಿಯ ಸಿಟ್ಟು ತರಗತಿಯೊಳಗೇ ಇರಬೇಕು ಎನ್ನುತ್ತಾರೆ. ತಪ್ಪು ಮಾಡಿದವರು ತರಗತಿಯ ಹೊರಗಿದ್ದರೆ ಏನು ಮಾಡಬೇಕು?

ನನ್ನ ಬೆನ್ನ ಹಿಂದಿನ ಪರದೆ ನೋಡಿ. ಕಳೆದ ಶತಮಾನದಲ್ಲಿ ಅಮೆರಿಕ, ರಷ್ಯಾ ಎಂಬ ಎರಡು ದೈತ್ಯರು ನಡೆಸಿದ ಪೈಪೋಟಿಯ ಬಗ್ಗೆ ಒಂದು ಜಾಲತಾಣ. ರಾಕೆಟ್ ಹಾರುತ್ತದೆ, ಭೂಪಟ ತಿರುಗುತ್ತದೆ, ಸಂಗೀತ ಕೇಳಿಸುತ್ತದೆ. ಬಹಳ ಚಂದ. ಇದನ್ನು ಮಾಡಿದ ಮಕ್ಕಳಿಗೆ ಈಗ ಸನ್ಮಾನ. ಆದರೆ ಸಭಿಕರೇ, ಇದನ್ನು ಮಾಡಿದ್ದು ಮಕ್ಕಳಲ್ಲ.

ಮಕ್ಕಳು ಮಾಡಿದ್ದು ಬೇರೆಯದು. ಅದರ ಕಥೆ ಹೇಳುತ್ತೇನೆ.

ಶಾಲೆಗಳ ನಡುವಿನ ಸ್ಪರ್ಧೆಗೆಂದು ನನ್ನ ತರಗತಿಯ ಮೂವರು ಒಂದು ತಂಡವಾದರು. ಅಖಿಲನಿಗೆ ಕೋಡಿಂಗ್ ಗೊತ್ತು. ರೋಹಿದಾಸರ ಮಗಳು ಅಶ್ಮಿತಾ ಇಂಗ್ಲಿಷನ್ನು ಸೊಗಸಾಗಿ ಬರೆಯುತ್ತಾಳೆ. ಮೂರನೆಯವಳು ಸ್ನೇಹಾ. ಸಬ್ಹಾನಿನ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ಟೆಕ್ನೀಷಿಯನ್ ಆಗಿರುವ ಬಾಳಪ್ಪನವರ ಮಗಳು. ಅವಳಿಗೆ ಏನು ಬರುತ್ತದೆ ಎಂದು ಆರಂಭದಲ್ಲಿ ಯಾರಿಗೂ ತಿಳಿಯಲಿಲ್ಲ. ಮಾತೇ ಕಡಿಮೆ.

ರಜೆಯ ದಿನ ಮೂವರೂ ನನ್ನ ಮನೆಗೆ ಬರುತ್ತಿದ್ದರು. ಅಖಿಲ್ ರಷ್ಯಾದ ಕಡೆ, ಅಶ್ಮಿತಾ ಅಮೆರಿಕದ ಕಡೆ. ಯಾರ ಹತ್ತಿರ ಎಷ್ಟು ಕ್ಷಿಪಣಿ, ಚಂದ್ರನ ಕಡೆಗೆ ಯಾರು ಮೊದಲು, ಎಲ್ಲವನ್ನೂ ಅಲ್ಲಿಂದ ಇಲ್ಲಿಂದ ಎತ್ತಿ ಅಂಟಿಸಿದರು. ಪುಟದ ಎಡಭಾಗ ಯಾರಿಗೆ ಎಂಬುದಕ್ಕೆ ಜಗಳವಾಗಿ ಇಬ್ಬರೂ ಒಂದು ವಾರ ಮಾತು ಬಿಟ್ಟರು. ವಿಷಯದ ಆಳಕ್ಕೆ ಇಳಿಯುವುದೆಂದರೆ ಇದೇ ಇರಬೇಕು ಎಂದುಕೊಂಡೆ.

ಆಗ ಸ್ನೇಹಾ ಬಾಯಿ ಬಿಟ್ಟಳು. “ಮ್ಯಾಮ್, ನಮ್ಮ ಅಜ್ಜಿ ಇದನ್ನ ತಿಂದಾಳಂತ್ರಿ.”

“ಏನನ್ನು ತಿಂದಿದ್ದಾರೆ?”

“ಕೋಲ್ಡ್ ವಾರ್, ಮ್ಯಾಮ್.”

ಅಖಿಲ್ ನಕ್ಕ. ಮರುವಾರ ಅವಳು ಫೋನಿನಲ್ಲಿ ಅಜ್ಜಿಯ ಧ್ವನಿ ತುಂಬಿಸಿಕೊಂಡು ಬಂದಳು. ಅಜ್ಜಿಯ ಹೆಸರು ಗುರುಸಿದ್ದವ್ವ. ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದವರು. ಅವರು ಹೇಳಿದ್ದು ಇಷ್ಟು, ಅವರ ಮಾತಿನಲ್ಲೇ ಕೇಳಿ:

“ನಾವು ಸಣ್ಣವ್ರಿದ್ದಾಗ ಸಾಲ್ಯಾಗ ಉಪ್ಪಿಟ್ಟು ಕೊಡತಿದ್ರು. ಹಳದಿ ಉಪ್ಪಿಟ್ಟು. ಅಮೆರಿಕಾದ್ದಂತ. ಪುಸ್ತಕಕ್ಕ ಹೊದಿಕಿ ಹಾಕಾಕ ನುಣ್ಣನ ಹಾಳಿ ಸಿಗತಿತ್ತು, ಬಣ್ಣದ ಚಿತ್ರ ಇರೂದು. ರಶ್ಯಾದ್ದಂತ. ನಮ್ಮಪ್ಪ ಅವರಿಗೂ ಏನೂ ಕೊಟ್ಟಿದ್ದಿಲ್ಲ, ಇವರಿಗೂ ಏನೂ ಕೊಟ್ಟಿದ್ದಿಲ್ಲ. ಮತ್ತ ಇಬ್ಬರೂ ನಮಗ್ಯಾಕ ಕೊಡತಾರ ಅಂತ ಮಾಸ್ತರನ್ನ ಕೇಳಿದೆ. ಮಾಸ್ತರ ಹೊಡದ್ರು.”

 ಆಮೇಲೆ ಅಶ್ಮಿತಾ ಲ್ಯಾಪ್‌ಟಾಪ್ ಎಳೆದುಕೊಂಡು ತಾನು ಬರೆದಿದ್ದ ಕ್ಷಿಪಣಿಗಳ ಪುಟವನ್ನು ತಾನೇ ಅಳಿಸಿದಳು. ಅಜ್ಜಿಯ ಪ್ರಶ್ನೆ ಮೊದಲ ಪುಟವಾಯಿತು. ಒತ್ತಿದರೆ ಅಜ್ಜಿಯ ಧ್ವನಿ, ಕೆಳಗೆ ಇಂಗ್ಲಿಷ್ ಅನುವಾದ. ಮೂವರೂ ಸಿಕ್ಕಸಿಕ್ಕ ಹಿರಿಯರನ್ನು ಹಿಡಿದು ಕೇಳತೊಡಗಿದರು: ಆ ಎರಡು ದೇಶಗಳ ಜಗಳ ನಿಮ್ಮ ಮನೆಗೆ ಹೇಗೆ ಬಂತು?

ನನ್ನನ್ನೂ ಕೇಳಿದರು. ನಮ್ಮ ಅಪ್ಪ ಉಳ್ಳಾಲದವರು, ತೈಲದ ಹಡಗಿನಲ್ಲಿ ಅಡುಗೆಯವರು. ನಾನು ಮೂರನೆಯ ತರಗತಿಯಲ್ಲಿದ್ದಾಗ ಇಲ್ಲಿನ ನೆರೆದೇಶಗಳ ಯುದ್ಧದಿಂದ ಇದೇ ಕೊಲ್ಲಿಯಲ್ಲಿ ಹಡಗುಗಳ ಮೇಲೆ ಬೆಂಕಿ ಬೀಳುತ್ತಿತ್ತು. ಕುವೈತಿನ ತೈಲ ಕಾಯಲು ಅಮೆರಿಕವೂ ಬಂತು, ರಷ್ಯಾವೂ ಬಂತು ಎಂದು ರೇಡಿಯೋ ಹೇಳುತ್ತಿತ್ತು. ಒಲೆಯ ಮುಂದೆ ನಿಂತ ಅಡುಗೆಯವನನ್ನು ಯಾರು ಕಾಯುತ್ತಾರೆಂದು ರೇಡಿಯೋ ಹೇಳಲಿಲ್ಲ. ಅಪ್ಪ ಬದುಕಿ ಬಂದರು, ಒಂದು ಕಿವಿ ಹೋಗಿತ್ತು. ಪರಿಹಾರ ಕೇಳಲು ಮುಂಬೈಯ ಕಚೇರಿಗೆ ಹೋದಾಗ ಅಮ್ಮನ ಜೊತೆ ನಾನೂ ಇದ್ದೆ. ತುಳು, ಕನ್ನಡ, ಹಿಂದಿ ಬೆರೆಸಿ ಅಪ್ಪ ಆ ದಿನದ ಕಥೆ ಹೇಳತೊಡಗಿದರು. ಮೇಜಿನ ಆಚೆಯವನು ಪಕ್ಕದವನನ್ನು ನೋಡಿ ನಕ್ಕ. ಸರಿಯಾದ ಭಾಷೆಯಲ್ಲಿ ಮಾತಾಡುವವರನ್ನು ಕರೆದುಕೊಂಡು ಬಾ ಎಂದ. ಅಪ್ಪ ಎದ್ದು ಬಂದರು. ಆಮೇಲೆ ಬದುಕಿದ್ದಷ್ಟು ಕಾಲ ಆ ಹಡಗಿನ ಬಗ್ಗೆ ಒಂದು ಮಾತು ಆಡಲಿಲ್ಲ. ಅಮ್ಮನ ಹತ್ತಿರವೂ ಇಲ್ಲ.

ಕ್ಷಮಿಸಿ. ಒಂದು ಗುಟುಕು ನೀರು ಕುಡಿಯುತ್ತೇನೆ. ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ.

ಸ್ಪರ್ಧೆ ಹತ್ತಿರ ಬಂದಾಗ ರೋಹಿದಾಸರು ಮಕ್ಕಳ ಕೆಲಸ ನೋಡಿದರು. ನನಗೆ ಫೋನ್ ಮಾಡಿದರು. “ಇದೆಂತದು ಟೀಚರ್? ಅಲ್ಲಿ ದೊಡ್ಡ ದೊಡ್ಡ ಶಾಲೆಯವರೆಲ್ಲ ಬರ್ತಾರೆ. ಈ ಅಜ್ಜಿಯ ಹಳ್ಳಿ ಭಾಷೆ ಕೇಳಿದ್ರೆ ನಮ್ಮ ಮಕ್ಕಳ ಮರ್ಯಾದೆ ಎಂತ ಆಗುದು ಮಾರಾಯ್ರೆ? ಇಲ್ಲೇ ರಾಯ್ ಏರಿಯಾದಲ್ಲಿ ವೆಬ್‌ಸೈಟ್ ಮಾಡುವ ನಮ್ಮ ಗುರ್ತದವರ ಆಫೀಸ್ ಉಂಟು, ನಾನು ಮಾಡಿಸ್ತೇನೆ. ನೀವು ಟೆನ್ಶನ್ ಮಾಡ್ಬೇಡಿ.”

ಬೇಡವೆಂದೆ. ಮಾಡಿಸಿದರು. ಹೀಗೆ ಹುಟ್ಟಿದ್ದು ಈ ಹಾರುವ ರಾಕೆಟ್. ಅಜ್ಜಿ ಹೋದರು. ಉಳಿದ ಹಿರಿಯರೂ ಹೋದರು. ತಂಡದ ಪುಟದಲ್ಲಿ ಅಖಿಲ್, ಅಶ್ಮಿತಾ ಇಬ್ಬರ ಫೋಟೋ. ಸ್ನೇಹಾಳ ಹೆಸರು ಕೊನೆಯಲ್ಲಿ, ‘ಸಹಾಯ’ ಎಂಬುದರ ಕೆಳಗೆ. ಯಾರಿಗೆ ಸಹಾಯ ರೋಹಿದಾಸರೇ? ಅವಳದೇ ಪ್ರಶ್ನೆಗೆ ಅವಳೇ ಸಹಾಯಕಿಯೇ?

ಆ ವಾರ ಬಾಳಪ್ಪನವರು ಡ್ಯೂಟಿ ಮುಗಿಸಿ, ಕೆಲಸದ ಬಟ್ಟೆಯಲ್ಲೇ ನನ್ನ ಮನೆಗೆ ಬಂದರು. “ಟೀಚರ್, ಹೆಸರು ಹೋದ್ರ ಹೋಗ್ಲಿರಿ, ಜಗಳ ಬ್ಯಾಡ. ಆದ್ರ ನಮ್ಮವ್ವ ದಿನಾ ಕೇಳ್ತಾಳ್ರಿ, ನನ್ನ ದನಿ ಅದರಾಗ ಐತೇನ ಅಂತ. ಹುಡುಗಿ ಐತಿ ಅಂತ ಸುಳ್ಳು ಹೇಳ್ತಾಳು. ಹೇಳಿ ಒಳಗ ಹೋಗಿ ಅಳ್ತಾಳು.”

  “ಸ್ಪರ್ಧೆಯ ದಿನ ನಿಮ್ಮ ಅಮ್ಮನನ್ನು ಕರೆದುಕೊಂಡು ಬನ್ನಿ,” ಎಂದೆ. ಅಶ್ಮಿತಾ ಏನು ಮಾಡಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಬರೀ ಮೊಂಡುತನಕ್ಕೆ ಹಾಗೆಂದೆ.

ಸ್ಪರ್ಧೆಯಲ್ಲಿ ರೋಹಿದಾಸರು ಮುಂದಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ಕುಳಿತಿದ್ದರು. ಅಖಿಲ್ ಜೊತೆ ಅಶ್ಮಿತಾ ವೇದಿಕೆ ಹತ್ತಿದಳು. ಪರದೆಯ ಮೇಲೆ ರಾಕೆಟ್ ಎದ್ದಿತು. ಅವಳು ಅದನ್ನು ಮುಚ್ಚಿದಳು. “ಸಾರಿ ಪಪ್ಪಾ, ದಿಸ್ ಈಸ್ ನಾಟ್ ಅವರ್ಸ್,” ಎಂದಳು. ಅಖಿಲ್ ಹಳೆಯ ಪುಟ ತೆರೆದ. ಇಬ್ಬರೂ ಕೆಳಗಿಳಿದು ಹೋಗಿ ಸ್ನೇಹಾಳನ್ನು ಕೈ ಹಿಡಿದು ಕರೆತಂದರು. ಗುಂಡಿ ಒತ್ತಿದ್ದು ಸ್ನೇಹಾ.

ನನ್ನ ಪಕ್ಕದಲ್ಲಿದ್ದ ಗುರುಸಿದ್ದವ್ವ ಸೆರಗು ಬಾಯಿಗಿಟ್ಟುಕೊಂಡರು. “ಇಷ್ಟ ದೊಡ್ಡ ಐತೇನ್ರಿ ನನ್ನ ದನಿ,” ಎಂದರು.

ಮಕ್ಕಳಿಗೆ ಬಹುಮಾನ ಬರಲಿಲ್ಲ. ವಿಷಯ ಬಿಟ್ಟು ಹೋಗಿದ್ದೀರಿ ಎಂದರು ತೀರ್ಪುಗಾರರು. ಮೂವರೂ ಹೊರಗೆ ಬಂದು ಐಸ್‌ಕ್ರೀಮ್ ತಿಂದರು. ಸ್ನೇಹಾ ಅಷ್ಟು ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

ಕಥೆ ಅಲ್ಲಿಗೆ ಮುಗಿದಿದ್ದರೆ ನನಗೆ ಸಿಟ್ಟಿರಲಿಲ್ಲ. ಮಕ್ಕಳು ಸೋತದ್ದಕ್ಕೆ ನಾನು ಅಳುವವಳಲ್ಲ. ಆದರೆ ಇವತ್ತು, ಕನ್ನಡದ ಸಂಘದಲ್ಲಿ, ಕನ್ನಡದ ಹಬ್ಬದ ದಿನ, ಮಕ್ಕಳು ಮುಚ್ಚಿದ ಆ ಪುಟವನ್ನೇ ಮತ್ತೆ ತೆರೆದಿಟ್ಟಿದ್ದೀರಿ. ನಿಮ್ಮ ಆಮಂತ್ರಣದಲ್ಲಿ ಮತ್ತೆ ಎರಡೇ ಹೆಸರು. ನಮ್ಮ ಮಕ್ಕಳು ಕನ್ನಡದಲ್ಲಿ ಉತ್ತರಿಸುವುದಿಲ್ಲ ಎಂದು ಪ್ರತಿವರ್ಷ ಇದೇ ಮೈಕಿನ ಮುಂದೆ ಗೋಳಾಡುತ್ತೀರಿ. ಒಂದು ಮಗು ಕನ್ನಡವನ್ನು ಕೇಳಿಸಿಕೊಂಡು, ಅದನ್ನು ಲೋಕಕ್ಕೆ ಕೇಳಿಸಲು ಹೊರಟಾಗ ಏನು ಮಾಡಿದಿರಿ? ಅದು ಹಳ್ಳಿಯ ಕನ್ನಡ ಎಂದಿರಿ. ಹಾಗಾದರೆ ಯಾವ ಕನ್ನಡಕ್ಕೆ ಈ ಸಂಘ? ಸ್ವಾಗತ ಭಾಷಣದ ಕನ್ನಡಕ್ಕೆ ಮಾತ್ರವೇ?

ಸನ್ಮಾನಿತರು ವೇದಿಕೆಗೆ ಬರಬೇಕು ಎಂದು ನಿರೂಪಕರು ಈಗಾಗಲೇ ಕರೆದರು. ಯಾರೂ ಬರಲಿಲ್ಲ. ಬರುವುದಿಲ್ಲ. ಮೂವರೂ ಅಬ್ಬಾಸಿಯಾದಲ್ಲಿ ಬಾಳಪ್ಪನವರ ಮನೆಯಲ್ಲಿದ್ದಾರೆ. ಗುರುಸಿದ್ದವ್ವನವರ ವೀಸಾ ಮುಗಿಯಿತು, ನಾಳೆ ವಿಮಾನ. ಹೋಗುವ ಮೊದಲು ಅವರಿಂದ ಇನ್ನಷ್ಟು ಹೇಳಿಸಿಕೊಳ್ಳುತ್ತಿದ್ದಾರೆ. ತಮ್ಮ ಧ್ವನಿಯನ್ನು ಒಮ್ಮೆ ತೆಗೆಸಿದ್ದರು ಎಂಬುದು ಆ ಹಿರಿಯರಿಗೆ ಇನ್ನೂ ಗೊತ್ತಿಲ್ಲ. ಮಕ್ಕಳು ಹೇಳಿಲ್ಲ. ಅಶ್ಮಿತಾ ಹೇಳಲು ಬಿಟ್ಟಿಲ್ಲ, ತನ್ನ ಅಪ್ಪನ ಮಾನ ಹೋಗುತ್ತದೆಂದು.

ರೋಹಿದಾಸರೇ, ನೀವು ತಲೆ ತಗ್ಗಿಸಬೇಕೆಂದು ನಾನು ಇದನ್ನು ಹೇಳಲಿಲ್ಲ. ಸ್ವಲ್ಪ ತಗ್ಗಿಸಿದರೂ ನಷ್ಟವಿಲ್ಲ. ನಾನು ಇಲ್ಲಿಂದ ನೇರ ಅಲ್ಲಿಗೆ ಹೋಗುತ್ತಿದ್ದೇನೆ. ಕಾರಿನಲ್ಲಿ ಜಾಗವಿದೆ. ಬನ್ನಿ. ಕ್ಷಮೆ ಕೇಳಲು ನಾಲಗೆ ಏಳದಿದ್ದರೆ ಚಾಪೆಯ ಮೇಲೆ ಕೂತು ಆಕೆ ಹೇಳುವುದನ್ನು ಸುಮ್ಮನೆ ಕೇಳಿ. ಬಾಗಿಲು ತಟ್ಟಲು ಹೆದರಬೇಡಿ, ತೆಗೆಯುವವಳು ನಿಮ್ಮ ಮಗಳೇ.

ಇಷ್ಟು ಹೊತ್ತು ತಡೆದುಕೊಂಡ ಅಧ್ಯಕ್ಷರಿಗೆ, ಮೈಕ್ ಆರಿಸದ ಮೈಕಿನವರಿಗೆ, ಎದ್ದು ಹೋಗದ ನಿಮಗೆಲ್ಲ ಧನ್ಯವಾದ. ನಮಸ್ಕಾರ.