ಸಾಹೇಬರ ಕನ್ನಡಿ

ಶಹಾಪುರದ ಬಸ್ ನಿಲ್ದಾಣದಲ್ಲಿ ಶೇಖಮ್ಮ ಟೀಚರ ಪಕ್ಕ ಇಬ್ಬರು ಕಾಲುವೆ ನೌಕರರು ಬಂದು ಕೂತರು. ಒಬ್ಬನ ತಲೆ ಪೂರಾ ಬೋಳು, ಆದರೂ ಮೈತುಂಬ ಮಲ್ಲಿಗೆ ಎಣ್ಣೆಯ ಘಮ.

“ಅಂಬ್ರಪ್ಪಣ್ಣ, ಟ್ರೇನಿಂಗಿಗೆ ಹೋಗಿ ಸಾಹೇಬ್ರು ಏನ್ ಕಲ್ತು ಬಂದಾರ?” ಎಂದು ಇನ್ನೊಬ್ಬ ಆ ಬೋಳುತಲೆಯವನನ್ನು ಕೇಳಿದ.

“ಮದ್ಲ ನಮ್ಮನ್ನ ನಾವು ಪ್ರೀತಿ ಮಾಡ್ಬೇಕಂತ. ಆವಾಗ ಕೈಕೆಳಗಿನ ಮಂದಿ ಛಲೋ ಕೆಲಸ ಮಾಡ್ತಾರಂತ.”

“ಮಾಡಾಕತ್ತಾರೇನು ಪ್ರೀತಿ?”

“ಆಫೀಸಿನ್ಯಾಗ ಆಳುದ್ದ ಕನ್ನಡಿ ಹಾಕಿಸ್ಯಾರ. ಮುಂಜಾನಿಂದ ಅದರ ಮುಂದ ನಿಂತು ತಲಿ ಬಾಚ್ಕೊಂತಾರ.”

“ಕಾಲುವಿ ಗೇಟಿಗೆ ಗ್ರೀಸ್ ಕೇಳಿದ್ದಿಲ್ಲ?”

“ಕೇಳಿದೆ. ‘ಬಿಗಿ ಆಗಿದ್ದು ಗೇಟಲ್ಲ, ನಿನ್ನ ಮನಸು. ನಿನ್ನ ನೀ ಪ್ರೀತಿಸು’ ಅಂದ್ರು.”

“ಬೈಲಿಲ್ಲಲ್ಲ, ಸುಧಾರಿಸ್ಯಾರ ಬಿಡು.”

“ಬೈಯಾಕ ಈ ಕಡಿ ತಿರುಗಬೇಕಲ್ಲೋ!”

ಶೇಖಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

“ಮತ್ತ ಇವತ್ತು ಗೇಟು ಹೆಂಗ ಎದ್ದಿತು?”

“ತಿರುವಿ ತಿರುವಿ ರಟ್ಟಿ ಬಿದ್ದಿದ್ವು. ಸಾಹೇಬ್ರ ಮಾತು ಕೇಳಿ ನನ್ನ ರಟ್ಟಿ ನಾ ಪ್ರೀತಿಸಿದೆ. ಅವರು ಊಟಕ್ಕ ಹೋದಾಗ ಕನ್ನಡಿ ಬಾಜೂಕಿದ್ದ ಅವರ ತಲಿ ಎಣ್ಣಿ ಬಾಟ್ಲಿ ಒಯ್ದು ಗೇಟಿನ ತಿರುಪಿಗೆ ಪೂರಾ ಸುರುವಿದೆ. ಹೂವಿನಂಗ ಎದ್ದಿತು.”

“ನಾಳಿ ಬಾಟ್ಲಿ ಎಲ್ಲಿ ಅಂದ್ರ?”

“ಕನ್ನಡಿನ್ನ ಕೇಳ್ರಿ ಅಂತೀನಿ.”

ಸುರಪುರದ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಘಮ ಮಾತ್ರ, ಕನ್ನಡಿ ಬಿಡದ ಸಾಹೇಬರಂತೆ, ಬೆಂಚು ಬಿಟ್ಟು ಕದಲಲಿಲ್ಲ.